ಮೂರು ಒಲೆಗಲ್ಲು

ಮೂವತ್ತೊಂದು ವರ್ಷಗಳ ಹಿಂದೆ, ಕೆಳಗೇರಿಯ ಏಳು ಕರುಗಳು ಒಂದೇ ವಾರದಲ್ಲಿ ಹೊಟ್ಟೆಯುಬ್ಬರಿಸಿ ಸತ್ತಾಗ, ಹಿರಿಯರು ದೊಡ್ಡ ಅತ್ತಿಮರದ ಕೆಳಗೆ ಸಭೆ ಸೇರಿಸಿ, ಹಳ್ಳಕ್ಕೆ ಕಾಫಿಯ ಕೊಳೆನೀರು ಬಿಟ್ಟವರು ಯಾರೆಂದು ಮೂರು ಬಾರಿ ಕೇಳಿದ್ದರು. ಕಾಫಿಹಣ್ಣಿನ ಸಿಪ್ಪೆ ಬಿಡಿಸುವ ಕೈಯಂತ್ರ ಆಗ ಆ ಬೆಟ್ಟದ ಒಂಬತ್ತು ಮನೆಗಳಲ್ಲಿತ್ತು. ಒಂಬತ್ತು ಮನೆಯ ಗಂಡಸರೂ ನೆಲ ನೋಡುತ್ತ ಕುಳಿತಿದ್ದರು. ಮೂರನೆಯ ಬಾರಿಗೆ ಎದ್ದು ನಿಂತವನು ದಂಗಿಸೊ ಒಬ್ಬನೇ. "ಆ ನೀರು ನಂದು. ಕರುಗಳಿಗೆ ನಾನು ಹೊಣೆ" ಎಂದು ಹೇಳಿ, ಮನೆಯಲ್ಲಿದ್ದ ಎರಡು ಹಸುಗಳನ್ನು ಅಂದೇ ಕೆಳಗೇರಿಗೆ ಹೊಡೆದುಕೊಟ್ಟು, ಮರುದಿನ ಬೆಳಗ್ಗೆ ಗುದ್ದಲಿ ಹಿಡಿದ. ಹದಿನಾಲ್ಕು ತಿಂಗಳು ಅಗೆದ. ಒಂದರ ಕೆಳಗೊಂದರಂತೆ ಮೂರು ಹೊಂಡಗಳಾದವು. ಅಂಚಿನುದ್ದಕ್ಕೂ ಲಾವಂಚ ನೆಟ್ಟಾಯಿತು. ಮೊದಲ ಹೊಂಡಕ್ಕೆ ಕೆಂಪಗೆ ನಾರುತ್ತ ಬಿದ್ದ ನೀರು ಮೂರನೆಯದರಿಂದ ತಿಳಿಯಾಗಿ ಹೊರಬಿದ್ದ ದಿನ, ಅದೇ ಹಿರಿಯರ ಎದುರಿಗೆ ಬೊಗಸೆಯೊಡ್ಡಿ ಕುಡಿದ.

ಆ ಹದಿನಾಲ್ಕು ತಿಂಗಳೂ ಬುಟ್ಟಿಯಲ್ಲಿ ಮಣ್ಣು ಹೊತ್ತವಳು ಅವನ ಹೆಂಡತಿ ದರಾರೊ. ಕಿರಿಯ ಮಗ ಆಗ ಕೈಗೂಸು. ಬೆನ್ನಿಗೆ ಕಟ್ಟಿಕೊಂಡೇ ಹೊತ್ತಿದ್ದಳು.

ಹೊಂಡಗಳನ್ನು ನೋಡಿಹೋದ ಪರದೇಶದ ವ್ಯಾಪಾರಿಯೊಬ್ಬ ಮರುವರ್ಷವೇ ಆ ಬೆಟ್ಟದ ಕಾಫಿಯನ್ನು ನೇರವಾಗಿ ಕೊಂಡ. ಹಾಗೆ ಹುಟ್ಟಿದ ತಿಳಿನೀರು ಕಾಫಿ ಕಂಪನಿಯಲ್ಲಿ ಈಗ ಮುನ್ನೂರ ನಲವತ್ತು ಮನೆಗಳು. ಕೆಂಪು ಹಣ್ಣನ್ನಲ್ಲದೆ ಕೊಯ್ಯಬಾರದು. ಕೊಯ್ಯುವವಳಿಗೆ ಸಂಜೆಯೊಳಗೆ ಕೂಲಿ ಸಲ್ಲಬೇಕು. ನೆರಳಿನ ಮರ ಕಡಿಯಬಾರದು. ತೋಟಕ್ಕೆ ವಿಷ ತರಬಾರದು. ಈ ಕಟ್ಟಳೆಗಳು ಗೋದಾಮಿನ ಗೋಡೆಯ ಮೇಲಿವೆ. ಬೊಗಸೆ ನೀರಿನ ಚಿತ್ರ ಪ್ರತಿ ಚೀಲದ ಮೇಲೆಯೂ ಇದೆ. ಅತಿಥಿಗಳಿಗೆ ಆ ಕಥೆ ಹೇಳುತ್ತಿದ್ದವನು ದಂಗಿಸೊ. ಮನೆಯ ಮಕ್ಕಳಿಗೆ ಹೇಳುತ್ತಿದ್ದವಳು ದರಾರೊ.

ಕಿರಿಯ ಮಗ ಈಗಿಲ್ಲ. ನಾಲ್ಕು ವರ್ಷಗಳ ಹಿಂದೆ ಹವಾಸ ಪಟ್ಟಣದ ದಾರಿಯಲ್ಲಿ ಕಾಫಿ ಲಾರಿಯ ಜೊತೆ ಕಣಿವೆಗೆ ಉರುಳಿದ. ಅವನ ಪಾಲಿನ ಆರುನೂರು ಗಿಡಗಳು, ವಿಧವೆಯಾದ ಅಸ್ಕಾಲೆ, ಹದಿಮೂರರ ಮಗಳು ಮೆಸೆಲು ಉಳಿದರು. ಅಸ್ಕಾಲೆ ಮಾತು ಕಡಿಮೆಯ ಹೆಂಗಸು. ಆ ಬೆಟ್ಟದ ಸಿದಾಮ ಜನರ ಸೊಸೆಯರಂತೆ ಅತ್ತೆಮಾವಂದಿರ ಹೆಸರನ್ನು ಅವಳು ಒಂದು ದಿನವೂ ಬಾಯಲ್ಲಿ ತಂದವಳಲ್ಲ. ಅತ್ತೆಯ ಹೆಸರಿಗೆ ಸಿದಾಮ ನುಡಿಯಲ್ಲಿ ಹೂವೆಂದು ಅರ್ಥ. ಆದ್ದರಿಂದ ಹೂವೆಂಬ ಮಾತನ್ನೂ ಬಿಟ್ಟಿದ್ದಳು. ಬೆಟ್ಟವೆಲ್ಲ ಕಾಫಿಹೂವಿನಿಂದ ಕಂಪಿಡುವ ದಿನಗಳಲ್ಲಿ "ಗಿಡಕ್ಕೆ ಬಿಳುಪು ಬಂತು" ಎನ್ನುತ್ತಿದ್ದಳು. ಹದಿನೈದು ವರ್ಷಗಳಲ್ಲಿ ಒಮ್ಮೆಯೂ ನಾಲಿಗೆ ಜಾರಿರಲಿಲ್ಲ. ನೆರೆಹೊರೆಯವರೆದುರು ದರಾರೊ ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು.

ಜಗಳಕ್ಕೆ ಮೂಲವಾದದ್ದು ಕಾಫಿಯಲ್ಲ, ಊಟ.

ಆ ವರ್ಷದ ಮಳೆಗಾಲದಲ್ಲಿ, ಊಟ ದೊಡ್ಡಮನೆಯಲ್ಲಾದರೂ ಅಸ್ಕಾಲೆ ಮಗಳೊಡನೆ ಮಲಗುತ್ತಿದ್ದ ಗುಡಿಸಲ ಹಿಂದಿನ ವೇಸೆ ಗಿಡಗಳು ಒಂದೊಂದಾಗಿ ಜೋತುಬಿದ್ದವು. ವೇಸೆ ನೋಡಲು ಬಾಳೆಯಂತಿದ್ದರೂ ಹಣ್ಣಿಗಾಗಿ ಬೆಳೆಯುವ ಗಿಡವಲ್ಲ. ಅದರ ದಿಂಡನ್ನೂ ಗಡ್ಡೆಯನ್ನೂ ಹೆರೆದು, ಗುಂಡಿಯಲ್ಲಿ ಹೂತು ಹುಳಿಯಾಗಿಸಿ, ರೊಟ್ಟಿ ತಟ್ಟಬೇಕು. ಮನೆಯ ಆರು ಹೊಟ್ಟೆಗೂ ಅದೇ ಆಧಾರ. ಅಸ್ಕಾಲೆ ಒಂದು ಗಿಡವನ್ನು ಕಿತ್ತು ತಂದು ಅತ್ತೆಯ ಮುಂದೆ ಹಾಕಿದಳು. ಬೇರಿನ ತುಂಬ ಬಿಳಿ ಹಿಟ್ಟುತಿಗಣೆ.

ಮೊದಲು ರೊಟ್ಟಿ ತೆಳುವಾಯಿತು, ಆಮೇಲೆ ಚಿಕ್ಕದಾಯಿತು. ಹಿರಿಯ ಮಗ ಲಂಕಾಮೊ, ಕಂಪನಿಯ ವ್ಯವಹಾರವನ್ನೆಲ್ಲ ನೋಡುವವನು, ಒಂದು ಸಂಜೆ ತಟ್ಟೆಯನ್ನು ಎತ್ತಿ ಹಿಡಿದು, "ಅವ್ವಾ, ಇದರಾಚೆ ನೀನು ಕಾಣ್ತೀಯಲ್ಲ" ಎಂದು ನಕ್ಕ. ಅವನ ಹೆಂಡತಿ ಹವಾಸದವಳು; ಅಂಗಡಿಯಿಂದ ಜೋಳದ ಹಿಟ್ಟು ತಂದರಾಯಿತಲ್ಲ ಎಂದಳು. ಈ ಮನೆಯಲ್ಲಿ ಅಂಗಡಿಯ ಹಿಟ್ಟು ಉಣ್ಣುವ ದಿನ ಬಂದರೆ ತನ್ನನ್ನು ಮೊದಲು ಹೂಳಿಬಿಡಿ ಎಂದು ದರಾರೊ ಒಲೆಯ ಕಡೆ ತಿರುಗಿದಳು.

ಮರುದಿನ ಗಂಡಸರು ಗೋದಾಮಿಗೆ ಹೋದ ಮೇಲೆ ಸೊಸೆಯನ್ನು ಕರೆದಳು. ಅಮಲಿಗೆಂದು ಅಗಿಯುವ ಚಾತ್ ಎಲೆ ಬೆಳೆಯುತ್ತಾರಲ್ಲ ಕೆಳಗೇರಿಯವರು, ಅವರ ಹತ್ತಿರ ಹುಳ ಸಾಯುವ ಪುಡಿ ಇರುತ್ತದೆ. ಬೆಣ್ಣೆ ಮಾರಿದ ದುಡ್ಡಿದೆ, ಮೆಸೆಲುವನ್ನು ಸಂತೆಗೆ ಕಳಿಸು ಎಂದಳು.

"ಅತ್ತೆ, ವೇಸೆ ಬುಡದಲ್ಲೇ ಕಾಫಿ ಬೇರಿದೆ. ಮಾವನೋರಿಗೆ ಗೊತ್ತಾದ್ರೆ?"

"ನಿನ್ನ ಮಾವ ಕಾಫಿಬೀಜ ತಿಂದು ಬದುಕ್ತಾನಾ? ನಾನು ಹೇಳ್ತಿದೀನಿ, ಹಾಕು. ಏನೇ ಬಂದ್ರೂ ನನ್ನ ತಲೆ ಮೇಲೆ."

ಮೆಸೆಲು ಪೊಟ್ಟಣವನ್ನು ಎಲೆಯಲ್ಲಿ ಸುತ್ತಿ ತಂದಳು. ಅಸ್ಕಾಲೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ನೀರಿನಲ್ಲಿ ಕದಡಿ, ನಲವತ್ತು ಗಿಡಗಳ ಬುಡಕ್ಕೂ ಹೊಯ್ದಳು. ದರಾರೊ ಬಾಗಿಲಲ್ಲಿ ಕುಳಿತು ಬೆಣ್ಣೆ ಕಡೆಯುತ್ತ ನೋಡುತ್ತಿದ್ದಳು. ತಿಂಗಳೊಳಗೆ ವೇಸೆ ಚಿಗುರಿತು. ರೊಟ್ಟಿ ಮೊದಲಿನಷ್ಟೇ ದಪ್ಪವಾಯಿತು. ಯಾರೂ ಯಾಕೆಂದು ಕೇಳಲಿಲ್ಲ.

ಕೊಯ್ಲು ಮುಗಿದು, ಬೀಜ ಒಣಗಿ, ಚೀಲಗಳು ಬೆಟ್ಟ ಇಳಿದವು. ತಿಳಿನೀರಿನಲ್ಲಿ ಒಂದು ಪದ್ಧತಿ ಉಂಟು: ಪ್ರತಿ ತೋಟದ ಬೀಜಕ್ಕೂ ಬೇರೆ ಒಣಹಾಕುವ ಅಟ್ಟ, ಪ್ರತಿ ಅಟ್ಟಕ್ಕೂ ತೋಟದ ಗುರುತಿನ ಹಲಗೆ. ಯಾರ ಹಣ್ಣು ಸಿಹಿಯೆಂದು ತಿಳಿದು ಹೊಗಳಬೇಕೆಂದು ದಂಗಿಸೊನೇ ಮಾಡಿದ ಏರ್ಪಾಡು. ಬೆಟ್ಟದ ಗಿಡಗಳು ಮತ್ತೆ ಹೂಬಿಡುವ ಹೊತ್ತಿಗೆ ಪರದೇಶದ ಪರೀಕ್ಷೆಯ ಕಾಗದ ಬಂತು. ಒಂದು ಗುರುತಿನ ಚೀಲಗಳಲ್ಲಿ ವಿಷದ ಅಂಶವಿದೆ. ಎರಡು ವಾರದೊಳಗೆ ತಪಾಸಣೆಗೆ ಬರುತ್ತೇವೆ. ಹಲಗೆಯ ಗುರುತು ಅಸ್ಕಾಲೆಯ ತೋಟದ್ದು.

ಆ ಸಂಜೆ ಊಟಕ್ಕೆ ಬೆಣ್ಣೆ ಹಾಕಿ ಕಲಸಿದ ವೇಸೆ, ಸೊಪ್ಪು, ಹಾಲು. ದಂಗಿಸೊ ತಟ್ಟೆ ಮುಟ್ಟಲಿಲ್ಲ.

"ಯಾರು ಹಾಕಿದ್ದು?"

ಅಸ್ಕಾಲೆ ಅತ್ತೆಯ ಮುಖ ನೋಡಿದಳು. ದರಾರೊ ಹಾಲು ಬಗ್ಗಿಸುತ್ತಿದ್ದಳು. ಲೋಟ ತುಂಬಿದ ಮೇಲೂ ಕೈ ನಿಲ್ಲದೆ ಒಂದಿಷ್ಟು ಚೆಲ್ಲಿತು.

"ನಾನು ಹಾಕ್ದೆ, ಮಾವ. ವೇಸೆಗೆ ಹುಳ ಬಿದ್ದಿತ್ತು."

"ಯಾರನ್ನ ಕೇಳಿ ಹಾಕ್ದೆ?"

ಅಸ್ಕಾಲೆ ಕಾದಳು. ದರಾರೊ ಚೆಲ್ಲಿದ ಹಾಲನ್ನು ಒರೆಸಿದಳು, ಬಟ್ಟೆ ಹಿಂಡಿದಳು, ಮತ್ತೆ ಒರೆಸಿದಳು. ಈಗ ಹೇಳಬೇಕು, ಬಟ್ಟೆ ಒಣಗಹಾಕಿ ಬಂದು ಹೇಳೋಣ ಎಂದುಕೊಂಡು ಹೊರಗೆ ಹೋದಳು. ಬರುವಷ್ಟರಲ್ಲಿ ಗಂಡ ಎದ್ದಿದ್ದ. ಮೂವತ್ತೊಂದು ವರ್ಷಗಳ ಮರ್ಯಾದೆಯನ್ನು ಒಂದು ಚೊಂಬು ನೀರಿನಲ್ಲಿ ಕದಡಿ ಹೊಯ್ದಳಲ್ಲ ಈ ಹೆಂಗಸು ಎಂದು ಅವನು ಗೋಡೆಗೆ ಹೇಳುತ್ತಿದ್ದ. ಸೊಸೆಯೊಡನೆ ನೇರವಾಗಿ ಮಾತಾಡುವುದನ್ನು ಅಂದೇ ಬಿಟ್ಟ.

ಎರಡು ದಿನ ತಂದೆಮಗ ಬಾಗಿಲು ಮುಚ್ಚಿಕೊಂಡು ಮಾತಾಡಿದರು. ಮೂರನೆಯ ದಿನ ಲಂಕಾಮೊ ಒಲೆಯ ಬಳಿ ಬಂದು ಕುಳಿತ. ಅವನು ಅಡುಗೆಮನೆಗೆ ಬಂದದ್ದು ವರ್ಷಗಳ ಮೇಲೆ. ನಿಯಮ ಸ್ಪಷ್ಟವಾಗಿದೆ ಎಂದು ತಾಯಿಗೆ ತಿಳಿಸಿದ. ವಿಷ ಹಾಕಿದ್ದು ಕಂಪನಿಯ ಮುಖ್ಯಸ್ಥನ ಮನೆಯೆಂದಾದರೆ ಪರವಾನಗಿಯೇ ರದ್ದು, ಮುನ್ನೂರ ನಲವತ್ತು ಮನೆಗಳೂ ಬೀದಿಗೆ. ಬೇರೆ ಸಂಸಾರದ ಒಂದು ತೋಟವೆಂದಾದರೆ ಆ ತೋಟವನ್ನಷ್ಟೇ ಮೂರು ವರ್ಷ ಹೊರಗಿಡುತ್ತಾರೆ. ಒಂದೇ ಒಲೆಯಲ್ಲಿ ಉಣ್ಣುವವರು ಒಂದು ಸಂಸಾರ; ಒಲೆ ಬೇರೆಯಾದರೆ ಸಂಸಾರ ಬೇರೆ.

"ಅವಳ ಒಲೆ ಬೇರೆ ಮಾಡ್ಬೇಕು ಅವ್ವಾ. ನಾಳೆನೇ. ಮಸಿ ಹಿಡಿಯೋಕೆ ಹತ್ತು ದಿನನಾದ್ರೂ ಬೇಕಲ್ಲ."

"ಇಷ್ಟು ವರ್ಷ ಎಲ್ಲರಿಗೂ ಬೇಯಿಸಿ ಹಾಕಿದೋಳು ಕಣೋ ಅವಳು."

"ಹಾಗಾದ್ರೆ ಅಪ್ಪನ ಹೆಸರು ಬರೆಸ್ಲಾ?" ಎಂದು ಕೇಳಿ, ತಾಯಿಯ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. "ಇಲ್ಲ, ಬೇರೆ ಯಾರದಾದ್ರೂ ಹೆಸರು ಇದ್ರೆ ಹೇಳು."

ದರಾರೊ ಕೆಂಡದ ಮೇಲೆ ಬೂದಿ ಮುಚ್ಚಿದಳು. ಮಗನಿಗೆ ಗೊತ್ತಾಗಿದೆ ಎಂಬುದು ಆಕೆಗೆ ತಿಳಿಯಿತು. ಅವನಿಗೆ ಉತ್ತರ ಬೇಕಾಗಿರಲಿಲ್ಲ ಎಂಬುದೂ ತಿಳಿಯಿತು.

ಹೊಸ ಸಂಸಾರಕ್ಕೆ ಒಲೆಗಲ್ಲು ಕೊಡಬೇಕಾದವಳು ಅತ್ತೆ. ಮಗ ಮದುವೆಯಾಗಿ ಬೇರೆ ಮನೆ ಹೂಡುವಾಗ ಹರಸಿ, ಕಲ್ಲುಗಳಿಗೆ ಬೆಣ್ಣೆ ಸವರಿ ಕೊಡುವ ಪದ್ಧತಿ. ದರಾರೊ ಮೂರು ಕಲ್ಲುಗಳನ್ನು ಬುಟ್ಟಿಯಲ್ಲಿ ಹೊತ್ತು ಸೊಸೆಯ ಗುಡಿಸಲಿಗೆ ಹೋದಳು. ಬೆಣ್ಣೆ ಸವರಬೇಕೋ ಬೇಡವೋ ಎಂದು ದಾರಿಯಲ್ಲಿ ಯೋಚಿಸಿ, ಸವರದೆ ಕೊಟ್ಟಳು.

ಅಸ್ಕಾಲೆ ಕಲ್ಲುಗಳನ್ನು ಕೆಳಗಿಳಿಸಿಕೊಂಡು, ಹುಡುಗಿಯನ್ನು ನೀರಿಗೆ ಕಳಿಸಿದಳು.

"ಅತ್ತೆ, ನೀವು ಒಂದು ಮಾತು ಹೇಳಿದ್ರೆ ಸಾಕಿತ್ತು. ನಿಮ್ಮನ್ನ ಅವರು ಎಲ್ಲಿಗೂ ಕಳಿಸಲ್ಲ. ನಿಮ್ಮ ಒಲೆ ಯಾರೂ ಕೀಳಲ್ಲ."

"ಮೂರೇ ವರ್ಷ ಕಣೆ. ಆಮೇಲೆ ಎಲ್ಲ ಮೊದಲಿನ ಹಾಗೆ. ತೋಟ ನಿಂದೇ."

"ಹುಡುಗಿ?"

"ಹುಡುಗಿ ಎಲ್ಲಿಗೆ ಹೋಗ್ತಾಳೆ? ನಿನ್ನ ಹತ್ರನೇ ಇರ್ತಾಳೆ."

"ನಿಮ್ಮ ತಲೆ ಮೇಲೆ ಆಣೆ ಇಟ್ಟು ಹೇಳಿ."

ಹಾಗೆಲ್ಲ ಆಣೆ ಕೇಳುವ ಸೊಸೆಯನ್ನು ತಾನು ನೋಡಿರಲಿಲ್ಲ ಎಂದು ದರಾರೊ ಸಿಟ್ಟಾದಳು. ಸಿಟ್ಟು ಬಂದದ್ದರಿಂದ ಸ್ವಲ್ಪ ಹಗುರವೂ ಆಯಿತು. ಸಿಟ್ಟಿನಲ್ಲಿಯೇ ಎದ್ದು ಬಂದಳು, ಆಣೆ ಇಡಲಿಲ್ಲ.

ಅಂದಿನಿಂದ ದೊಡ್ಡಮನೆಯ ಅಡುಗೆ ದರಾರೊಳ ಪಾಲಿಗೆ ಬಿತ್ತು. ಹೆರೆಯುವ ಹಲಗೆಗೆ ಕಾಲು ಕೊಟ್ಟು ಕೂರಲು ಆಕೆಯ ಸೊಂಟ ಕೇಳುತ್ತಿರಲಿಲ್ಲ. ಹವಾಸದ ಸೊಸೆಗೆ ಬಿದಿರಿನ ಹೆರೆಗತ್ತಿ ಹಿಡಿಯುವುದೇ ತಿಳಿಯದು. ಅತ್ತ ಗುಡಿಸಲಿನಿಂದ ಬೇರೆ ಹೊಗೆ ಏಳುತ್ತಿತ್ತು. ದಾರಿಯಲ್ಲಿ ಕಂಡವರು ದಂಗಿಸೊನಿಗೆ ಕೇಳುವಂತೆ, ಮುದುಕ ಕಟ್ಟುನಿಟ್ಟಪ್ಪ, ಸೊಸೆಯೆಂದೂ ನೋಡಲಿಲ್ಲ ಎಂದು ಹೊಗಳಿದರು. ಅವನು ತಲೆಯೆತ್ತಿ ನಡೆದ.

ತಪಾಸಣೆಗೆ ಬಂದವಳು ರಾಜಧಾನಿ ಅಡಿಸ್ ಅಬಾಬದ ಹುಡುಗಿ, ಮೂವತ್ತರ ಒಳಗಿನವಳು, ಮೆತ್ತನೆಯ ಮಾತಿನವಳು. ಅವಳಿಗೆ ಸಿದಾಮ ನುಡಿ ಬಾರದು. ಬೆಟ್ಟದ ಹೆಂಗಸರಿಗೆ ಅವಳ ಅಮ್ಹಾರಿಕ್ ಬಾರದು. ನಡುವೆ ನಿಂತು ಎರಡೂ ಕಡೆ ಹೇಳುತ್ತಿದ್ದವನು ಲಂಕಾಮೊ. ಅವಳು ಗುಡಿಸಲಿಗೆ ಹೋಗಿ ಒಲೆ ನೋಡಿದಳು, ಮಸಿಯನ್ನು ಬೆರಳಿನಿಂದ ಮುಟ್ಟಿಯೂ ನೋಡಿದಳು. ಆಮೇಲೆ ಎಲ್ಲರೂ ಅತ್ತಿಮರದ ಕೆಳಗೆ ಸೇರಿದರು.

ಮುನ್ನೂರ ನಲವತ್ತು ಮನೆಗಳಿಂದಲೂ ಒಬ್ಬರಾದರೂ ಬಂದಿದ್ದರು. ಹಿರಿಯರು ಬೇರಿನ ಮೇಲೆ, ಗಂಡಸರು ಹುಲ್ಲಿನ ಮೇಲೆ, ಹೆಂಗಸರು ಹಿಂದೆ. ಅಸ್ಕಾಲೆ ನಡುವೆ ನಿಂತಳು. ಪುಡಿ ಹಾಕಿದ್ದು ನಾನೇ ಎಂದು ಕೇಳುವ ಮೊದಲೇ ಹೇಳಿದಳು. ಬಂದ ಹುಡುಗಿ ಬರೆದುಕೊಂಡಳು. ಬರೆಯುತ್ತ, ಹೆಚ್ಚು ಯೋಚಿಸದೆ, ಇನ್ನೊಂದು ಪ್ರಶ್ನೆ ಕೇಳಿದಳು. ಲಂಕಾಮೊ ಒಂದು ಗಳಿಗೆ ತಡೆದು ಅದನ್ನು ಸಿದಾಮಕ್ಕೆ ತಿರುಗಿಸಿದ.

"ಪುಡಿ ಹಾಕು ಅಂತ ನಿನಗೆ ಹೇಳಿದೋರು ಯಾರು ಅಂತ ಕೇಳ್ತಿದಾರೆ. ಹೆಸರು ಬೇಕಂತೆ."

ಅಸ್ಕಾಲೆ ಬಾಯಿ ತೆರೆದಳು, ಮುಚ್ಚಿದಳು. ಹೆಸರು ಹೇಳುವಂತಿಲ್ಲ. ಹೆಸರು ಬಿಟ್ಟು ಅತ್ತೆಯೆನ್ನಬಹುದಿತ್ತು. ಸಭೆಯಲ್ಲಿ ಸೊಸೆ ಅತ್ತೆಯತ್ತ ಬೆರಳು ತೋರುವುದು ಹೆಸರು ಹಿಡಿದು ಕೂಗುವುದಕ್ಕಿಂತ ಹೀನ. ಅವಳು ತುಟಿ ಬಿಗಿದು ನಿಂತಳು. ಒಬ್ಬ ಸೊಸೆ ಯಾವ ಹೆಸರಿನ ಮುಂದೆ ಹಾಗೆ ತುಟಿ ಬಿಗಿಯುತ್ತಾಳೆ ಎಂಬುದು ಅಲ್ಲಿ ಎಳೆಮಕ್ಕಳಿಗೂ ಗೊತ್ತಿತ್ತು. ಹಿರಿಯರು ನೆಲ ನೋಡಿದರು. ಹುಲ್ಲಿನ ಮೇಲಿನ ಗಂಡಸರು ನೆಲ ನೋಡಿದರು. ದಂಗಿಸೊ ತಲೆ ತಿರುಗಿಸಿ ಹೆಂಗಸರ ಸಾಲಿನತ್ತ ಒಮ್ಮೆ ನೋಡಿದ. ದರಾರೊಳ ಕಣ್ಣು ಸಿಕ್ಕಿತು. ಅವನ ಮುಖ ಬೂದಿಯ ಬಣ್ಣಕ್ಕೆ ತಿರುಗಿದ್ದನ್ನು ಆಕೆ ಕಂಡಳು. ಏಳುತ್ತಾನೆ ಎಂದು ಅಂದುಕೊಂಡಳು. ಅವನ ಮೊಣಕಾಲು ಅಲುಗಿದ್ದೂ ನಿಜ. ಅವನು ಊರುಗೋಲನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡು ಹಾಗೆಯೇ ಕುಳಿತ. ಅವನೇ ಏಳಲಿಲ್ಲವಲ್ಲ ಎಂದು ದರಾರೊ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಬಂದ ಹುಡುಗಿಗೊಬ್ಬಳಿಗೇ ಏನೂ ತಿಳಿಯಲಿಲ್ಲ. ಲಂಕಾಮೊನ ಕಡೆ ನೋಡಿದಳು.

"ಯಾರೂ ಹೇಳಿಲ್ವಂತೆ" ಎಂದು ಲಂಕಾಮೊ ಮೌನವನ್ನು ಅವಳ ನುಡಿಗೆ ತಿರುಗಿಸಿದ. "ತಾನೇ ಮಾಡಿದ್ದಂತೆ."

ಅವಳು ಅದನ್ನೂ ಬರೆದುಕೊಂಡಳು. ಸ್ವಂತ ಸೊಸೆಯಾದರೂ ಮುಚ್ಚಿಡದ ಇಂಥ ಕಂಪನಿ ತಾನು ಬೇರೆಲ್ಲೂ ಕಂಡಿಲ್ಲ ಎಂದು ಮೆಚ್ಚಿದಳು. ಮಧ್ಯಾಹ್ನದ ಕಾಫಿಗೆ ದೊಡ್ಡಮನೆಗೆ ಕರೆದರು. ಹೊಂಡಗಳ ಕಥೆ ಕೇಳಬೇಕೆಂದು ಅವಳೇ ಆಸೆಪಟ್ಟಳು. ದಂಗಿಸೊ ಹೇಳಿದ, ಕರುಗಳಿಂದ ಬೊಗಸೆ ನೀರಿನವರೆಗೆ ಒಂದು ಮಾತೂ ತಪ್ಪಲಿಲ್ಲ.

ಪರವಾನಗಿ ಉಳಿಯಿತು. ಆದರೆ ಹಿರಿಯರು ತಮ್ಮ ಪಾಲಿನದನ್ನು ಮಾಡಲೇಬೇಕಾಗಿತ್ತು: ಊರಿಗೆ ವಿಷ ತಂದವಳಿಗೆ ಯಾರೂ ಬೆಂಕಿ ಕೊಡಬಾರದು, ಕಾಫಿಗೆ ಕರೆಯಬಾರದು, ನೀರಿನ ದಾರಿಯಲ್ಲಿ ಮಾತಾಡಿಸಬಾರದು. ವಾರ ಕಳೆಯುವುದರೊಳಗೆ ಲಂಕಾಮೊ ಆಳುಗಳನ್ನು ಕರೆದುಕೊಂಡು ಬಂದ. ತೋಟ ಹೊರಗಿಟ್ಟರೆ ಸಾಲದು, ಕೊಳ್ಳುವವರಿಗೆ ಕಣ್ಣಿಗೆ ಕಾಣಬೇಕು ಎಂದ. ಆರುನೂರು ಗಿಡಗಳನ್ನೂ ಮೊಣಕಾಲೆತ್ತರಕ್ಕೆ ಕಡಿಸಿದ. ಹೂ ತುಂಬಿದ ಕೊಂಬೆಗಳು ಗುಡಿಸಲ ಸುತ್ತ ರಾಶಿ ಬಿದ್ದವು. ಎರಡು ದಿನ ಕಂಪಿತ್ತು, ಆಮೇಲೆ ಕಂದಿತು. ಅಸ್ಕಾಲೆ ಬಾಗಿಲಲ್ಲಿ ನಿಂತು ನೋಡಿದಳು. "ಬಿಳುಪೆಲ್ಲ ಹೋಯ್ತು" ಎಂದಷ್ಟೇ ಅಂದಳೆಂದು ಆಳುಗಳು ಹೇಳಿದರು. ವೇಸೆ ಗಿಡಗಳಿಗೆ ಯಾರೂ ಕತ್ತಿ ಮುಟ್ಟಿಸಲಿಲ್ಲ.

ಗಿಡವಿಲ್ಲ, ಕೂಲಿಗೆ ಯಾರೂ ಕರೆಯುವಂತಿಲ್ಲ, ಬೆಂಕಿ ಆರಿದರೆ ಕೇಳಲು ಮನೆಯಿಲ್ಲ. ಮೂರನೆಯ ವಾರ ಅಸ್ಕಾಲೆಯ ಅಣ್ಣ ತವರೂರು ಬೆನ್ಸದ ಕಡೆಯಿಂದ ಹೇಸರಗತ್ತೆ ಹೊಡೆದುಕೊಂಡು ಬಂದ. ತಂಗಿಯನ್ನು ಕರೆದುಕೊಂಡು ಹೋಗುತ್ತೇನೆ, ಹುಡುಗಿಯನ್ನೂ ಎಂದ. ದಂಗಿಸೊ ಅವನನ್ನು ಒಳಗೆ ಕರೆಯಲಿಲ್ಲ. ಅಂಗಳದಲ್ಲಿಯೇ ಮಾತು ಮುಗಿಸಿದ. ಹೆಂಗಸು ಹೋಗಬಹುದು. ಹುಡುಗಿ ಈ ಮನೆಯ ರಕ್ತ, ಇಲ್ಲಿಯೇ ಇರುತ್ತಾಳೆ.

ಅಸ್ಕಾಲೆ ಅತ್ತೆಯ ಮುಂದೆ ಬಂದು ನಿಂತಳು.

"ಹುಡುಗಿ ನನ್ನ ಹತ್ರನೇ ಇರ್ತಾಳೆ ಅಂದಿದ್ರಿ."

"ನಾನು ಗಂಡಸರ ಮಾತು ಮೀರೋಕಾಗುತ್ತಾ?"

"ಇಲ್ಲ ಬಿಡಿ" ಎಂದಳು ಅಸ್ಕಾಲೆ. "ಹುಡುಗಿಗೆ ರಾತ್ರಿ ಕೆಮ್ಮು ಬರುತ್ತೆ. ಎದೆಗೆ ಬೆಣ್ಣೆ ಬಿಸಿ ಮಾಡಿ ಹಚ್ಚಿ. ಅವಳು ಏನೂ ಬಾಯಿಬಿಡಲ್ಲ, ನಾನು ಹೇಳಿದೀನಿ. ಹೆದರಬೇಡಿ."

ಮೆಸೆಲು ಕಡಿದ ಗಿಡಗಳ ನಡುವೆ ತಿರುವಿನವರೆಗೆ ತಾಯಿಯ ಹಿಂದೆ ಓಡಿದಳು. ಲಂಕಾಮೊ ಹೋಗಿ ರೆಟ್ಟೆ ಹಿಡಿದು ಕರೆತಂದ. ಅವಳು ಅಳಲಿಲ್ಲ, ಬಂದವಳೇ ಹೆರೆಗತ್ತಿ ಹಿಡಿದು ಕುಳಿತಳು. ತಾಯಿ ಕಲಿಸಿದ್ದ ಕೆಲಸ, ಕೈ ಚುರುಕಾಗಿತ್ತು. ಹವಾಸದ ಸೊಸೆ, ಸದ್ಯ ಒಬ್ಬಳಿಗಾದರೂ ಬರುತ್ತದಲ್ಲ ಎಂದು ಸಮಾಧಾನಪಟ್ಟಳು. ಹೆರೆಯುವುದು, ಹೂಳುವುದು, ನೀರು, ಸೌದೆ ಎಲ್ಲವೂ ಒಂದೊಂದಾಗಿ ಹುಡುಗಿಯ ಪಾಲಾದವು. ಶಾಲೆಯ ಮಾತನ್ನು ಯಾರೂ ಎತ್ತಲಿಲ್ಲ. ಮಕ್ಕಳನ್ನು ಆಳಾಗಿ ದುಡಿಸಬಾರದೆಂಬ ಕಟ್ಟಳೆಯೂ ಗೋದಾಮಿನ ಗೋಡೆಯ ಮೇಲಿತ್ತು. ಮೆಸೆಲು ಆಳಲ್ಲ, ಮನೆಮಗಳು.

ಅಸ್ಕಾಲೆ ಹೂತಿಟ್ಟು ಹೋಗಿದ್ದ ವೇಸೆಯ ಗುಂಡಿಯನ್ನು ತಿಂಗಳ ಮೇಲೆ ತೆರೆದರು. ಹದವಾಗಿ ಹುಳಿಬಂದಿತ್ತು. ಆ ಸಂಜೆ ದೊಡ್ಡಮನೆಯಲ್ಲಿ ಅದೇ ರೊಟ್ಟಿ, ದಪ್ಪಗೆ, ಮೇಲೆ ಬೆಣ್ಣೆ. ಲಂಕಾಮೊ ಎರಡನೆಯ ಬಾರಿ ಹಾಕಿಸಿಕೊಂಡ. ಹೊಸ ವರ್ಷಕ್ಕೆ ಕೊಳ್ಳುವವರು ಇನ್ನಿಬ್ಬರು ಸಿಕ್ಕಿದ್ದಾರೆ, ಸೊಸೆಯನ್ನೂ ಬಿಡದ ಕಂಪನಿ ಎಂದು ಪರದೇಶದಲ್ಲಿ ಬರೆದಿದ್ದಾರಂತೆ ಎಂದು ತಂದೆಗೆ ಹೇಳಿದ. ದಂಗಿಸೊ ತಲೆಯಾಡಿಸಿದ. ಅತ್ತಿಮರದ ದಿನದಿಂದ ಅವನು ಹೆಂಡತಿಯನ್ನು ಏನೂ ಕೇಳಿರಲಿಲ್ಲ. ಊಟ ಬಡಿಸುವಾಗ ಅವಳ ಕೈಯನ್ನು ಮಾತ್ರ ನೋಡುತ್ತಿದ್ದ.

ಊಟದ ಮೇಲೆ ಮೆಸೆಲು ಕಾಫಿಬೀಜ ಹುರಿದು, ಒರಳಿನಲ್ಲಿ ಕುಟ್ಟಿ, ಮಣ್ಣಿನ ಹೂಜಿಯಲ್ಲಿ ಕುದಿಸಿ ತಂದಳು. ಮೊದಲು ಅಜ್ಜನಿಗೆ, ಆಮೇಲೆ ದೊಡ್ಡಪ್ಪನಿಗೆ, ಆಮೇಲೆ ಅಜ್ಜಿಗೆ. ಬಟ್ಟಲು ಕೊಟ್ಟವಳು ಅಲ್ಲಿಯೇ ಮಂಡಿಯೂರಿ ಕುಳಿತಳು.

"ಅಜ್ಜಿ, ಹೊಂಡದ ಕಥೆ ಹೇಳಿ."

"ಎಷ್ಟು ಸಲ ಕೇಳ್ತೀಯೆ ಅದನ್ನ?" ಎಂದ ಲಂಕಾಮೊ. "ನಿನಗೆ ಬಾಯಿಪಾಠ ಬರುತ್ತಲ್ಲ."

"ಬರುತ್ತೆ ದೊಡ್ಡಪ್ಪ." ಹುಡುಗಿ ಅಜ್ಜಿಯ ಮುಖದಿಂದ ಕಣ್ಣು ತೆಗೆಯಲಿಲ್ಲ. "ಪೂರ್ತಿ ಬೇಡ ಅಜ್ಜಿ. ಹಿರಿಯರು ಯಾರು ಅಂತ ಮೂರು ಸಲ ಕೇಳ್ತಾರಲ್ಲ, ಎಲ್ಲರೂ ನೆಲ ನೋಡ್ತಾ ಕೂತಿರ್ತಾರಲ್ಲ, ಅಲ್ಲಿಂದ ಇನ್ನೊಂದ್ಸಲ ಹೇಳಿ."